ಹಸಿರು ಕಾರಿನ ಸೀಟು

ಮಗನಿಗೆ ಕೆಲಸ ಸಿಕ್ಕ ದಿನ ಆ ಮನೆಯಲ್ಲಿ ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ.

ಫೋಟೋ ಸ್ಟುಡಿಯೋ ಮುಚ್ಚಿದ ಮೇಲೆ ಆರು ತಿಂಗಳು ಅವನು ಮನೆಯಲ್ಲೇ ಇದ್ದ. ಸೊಸೆ ರಕ್ತಪರೀಕ್ಷೆಯ ಲ್ಯಾಬಿಗೆ ಬೆಳಿಗ್ಗೆ ಏಳಕ್ಕೇ ಹೋಗಿ ಸಂಜೆ ಸೋತ ಮುಖ ಹೊತ್ತು ಬರುತ್ತಿದ್ದಳು. ಹಾಗಾಗಿ ಮಗ ಸುದ್ದಿ ಹೇಳಿದಾಗ ಅವಳು ನಿಂತಲ್ಲೇ "ಅಬ್ಬಾ" ಎಂದು ಕುರ್ಚಿಗೆ ಕುಸಿದಳು. ಅವನ ಅಮ್ಮ ಮಾತ್ರ ಗಂಡನ ಮುಖ ನೋಡಿದಳು.

ಬೀದಿಯವರು ಆಕೆಯನ್ನು ಹೊಲಿಗೆಯಕ್ಕ ಎಂದು ಕರೆಯುತ್ತಿದ್ದರು. ಹರಿದ ಚೀಲ, ಜಿಪ್ಪು ಕಿತ್ತ ಪ್ಯಾಂಟು, ಮಕ್ಕಳ ಯೂನಿಫಾರ್ಮು, ಏನಿದ್ದರೂ ಆಕೆಯ ಬಾಗಿಲಿಗೆ ಬರುತ್ತಿತ್ತು. ಗಂಡನಿಗೆ ಮೇಸ್ತ್ರಿ ಎಂದೇ ಹೆಸರು. ಮನೆ ಕಟ್ಟುವ ಮೇಸ್ತ್ರಿಯಲ್ಲ, ಗಾಡಿ ರಿಪೇರಿಯ ಮೇಸ್ತ್ರಿ. ಸಾಹುಕಾರರ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಗ್ರೀಸಿನಲ್ಲಿ ಕೈ ಅದ್ದಿ ಈಗ ಮನೆಯಲ್ಲಿದ್ದ.

"ಯಾವ ಮ್ಯೂಸಿಯಂ ಅಂದೆ?" ಮೇಸ್ತ್ರಿ ತುತ್ತು ಕೈಯಲ್ಲಿ ಹಿಡಿದೇ ಕೇಳಿದ.

"ಹಳೆ ಐಸ್ ಫ್ಯಾಕ್ಟರಿ ಕಟ್ಟಡದಲ್ಲಿ ಮಾಡಿದಾರಲ್ಲ, ಹಳೆ ಕಾರು, ಮೋಟರ್‌ಸೈಕಲ್ಲಿಂದು. ನಾನು ಗೈಡು. ಬಂದೋರಿಗೆ ವಿವರ ಹೇಳೋದು."

"ಅಂದ್ರೆ ಸಾಹುಕಾರ್ರ ಮಗಂದು."

"ಹೂಂ."

"ಅಂದ್ರೆ ನನ್ನ ಕಾರುಗಳು."

"ನಿಮ್ಮ ಕಾರು ಹೇಗಾಗತ್ತಪ್ಪ? ನೀವು ಅವರ ಹತ್ರ ಕೆಲಸಕ್ಕಿದ್ರಿ, ಸಂಬಳ ತಗೊಂಡ್ರಿ."

"ಸಂಬಳ ಶೆಡ್ಡಿನ ರಿಪೇರಿ ಕೆಲಸಕ್ಕೆ ಕಣೋ! ಆ ಹಸಿರು ಕಾರು ಬಂದಾಗ ಅದರೊಳಗೆ ಕೋಳಿ ಮೊಟ್ಟೆ ಇಟ್ಟಿತ್ತು. ಆರು ವರ್ಷ, ಒಂದು ಭಾನುವಾರ ಬಿಡದೆ ಕೂತು ಎಬ್ಬಿಸಿದೀನಿ. ಸಾಹುಕಾರ್ರು ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಪೇಪರ್ ಓದ್ತಿದ್ರು. ಈಗ ಅವರ ಮಗ ಬೋರ್ಡಿನಲ್ಲಿ ಏನು ಬರ್ಸಿದಾನೆ ಗೊತ್ತಾ? ತಂದೆಯವರು ಸ್ವಂತ ಕೈಯಿಂದ ಮಾಡಿದ್ದು ಅಂತ. ಅದನ್ನ ನೀನು ಓದಿ ಹೇಳ್ತೀಯಾ ಜನಕ್ಕೆ?"

"ಹೇಳ್ತೀನಿ. ಇನ್ನೇನು ಮಾಡ್ಲಿ? ನಿಮ್ಮ ಸೊಸೆ ಒಬ್ಬಳೇ ದುಡೀಲಾ?"

ಮೇಸ್ತ್ರಿ ತುತ್ತನ್ನು ತಟ್ಟೆಗೆ ಹಾಕಿ ಎದ್ದುಬಿಟ್ಟ. ಮಗನೂ ಎದ್ದ. ಸೊಸೆ ಎರಡು ತಟ್ಟೆಗಳಲ್ಲಿ ಉಳಿದ ಅನ್ನವನ್ನು ನೋಡುತ್ತ, "ಇವತ್ತಾದ್ರೂ ನೆಮ್ಮದಿಯಾಗಿ ಉಂಡು ಮಲಗೋಣ ಅಂದ್ಕೊಂಡಿದ್ದೆ ಅತ್ತೆ," ಎಂದಳು. ಹೊಲಿಗೆಯಕ್ಕ ಬೇಳೆಯ ಪಾತ್ರೆಗೆ ಮುಚ್ಚಳ ಮುಚ್ಚಿದಳು.

ಕೆಲಸಕ್ಕೆ ನೀಲಿ ಕೋಟು ಕೊಟ್ಟಿದ್ದರು. ತೋಳು ಉದ್ದವಾಗಿತ್ತು. ಹೊಲಿಗೆಯಕ್ಕ ಅದನ್ನು ಮೊಟಕು ಮಾಡುತ್ತ ಕೂತಿದ್ದಾಗ ಮಗ ಎರಡು ಹಾಳೆ ಹಿಡಿದು ಹಜಾರದಲ್ಲಿ ಅತ್ತಿಂದಿತ್ತ ನಡೆಯುತ್ತ ಬಾಯಿಪಾಠ ಮಾಡುತ್ತಿದ್ದ. ಅವನಿಗಿಂತ ಮೊದಲು ಮೊಮ್ಮಗಳು ಪುಟ್ಟಿಗೇ ಅದು ಬಾಯಿಗೆ ಬಂತು. ಏಳು ವರ್ಷದ ಹುಡುಗಿ, ಹಾಲಿನ ಲೋಟವನ್ನು ಮೈಕಿನ ಹಾಗೆ ಹಿಡಿದುಕೊಂಡು ಒಪ್ಪಿಸಿದಳು:

"ಮಾನ್ಯರೇ, ಈ ಹಸಿರು ಕಾರನ್ನು ನಮ್ಮ ಸಂಸ್ಥಾಪಕರು ತಮ್ಮ ಸ್ವಂತ ಕೈಗಳಿಂದ ಪುನರುಜ್ಜೀವನ... ಪುನರುಜ್ಜೀವನಗೊಳಿಸಿದರು. ಇದರ ಚರ್ಮದ ಸೀಟುಗಳನ್ನು ವಿದೇಶದ ನುರಿತ ಕುಶಲಕರ್ಮಿಗಳಿಂದ ಹೊಲಿಸಲಾಗಿದೆ."

ಹೊಲಿಗೆಯಕ್ಕನ ಸೂಜಿ ನಿಂತಿತು. "ಏನಂದೆ ಪುಟ್ಟಿ? ಕೊನೇದು?"

"ವಿದೇಶದ ನುರಿತ ಕುಶಲಕರ್ಮಿಗಳಿಂದ."

"ಹಾಗಾದ್ರೆ ನಮ್ಮ ಅಡುಗೆಮನೆ ವಿದೇಶ ಆಯ್ತು," ಎಂದಳು ಹೊಲಿಗೆಯಕ್ಕ. ಮಗ ನಕ್ಕ. ಪುಟ್ಟಿಯೂ ಅರ್ಥವಾಗದೆ ನಕ್ಕಳು. ಕಿಟಕಿಯ ಬಳಿ ಕೂತಿದ್ದ ಮೇಸ್ತ್ರಿ, "ಸ್ವಂತ ಕೈಯಂತೆ! ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಅಂತ ಗೊತ್ತಿರಲಿಲ್ಲ ಆ ಮನುಷ್ಯಂಗೆ," ಎಂದು ಗೊಣಗಿದ. ಸೀಟಿನ ಮಾತು ಅವನ ಕಿವಿಗೆ ಬಿದ್ದಂತೆ ಕಾಣಲಿಲ್ಲ.

ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಸೀಟು ಕಟ್ಟುವವನು ಇಷ್ಟು ದಪ್ಪ ಚರ್ಮ ತನ್ನಿಂದಾಗದು ಎಂದು ಕೈಚೆಲ್ಲಿದಾಗ, ಮೇಸ್ತ್ರಿ ಚರ್ಮದ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದು ಅಡುಗೆಮನೆಯ ನೆಲಕ್ಕೆ ಹಾಕಿದ್ದ. "ನೋಡೇ, ನಿನ್ನ ಕೈಲಿ ಆಗತ್ತಾ?" ನಾಲ್ಕು ತಿಂಗಳು ಹಿಡಿದಿತ್ತು. ಚೂಪು ಮೊಳೆಯಿಂದ ಒಂದೊಂದೇ ತೂತು ಮಾಡಿ, ಮೇಣ ಹಚ್ಚಿದ ದಾರದ ಎರಡು ತುದಿಗೆ ಎರಡು ದಬ್ಬಳ ಪೋಣಿಸಿ, ಆ ಕಡೆಯಿಂದೊಂದು ಈ ಕಡೆಯಿಂದೊಂದು ಎಳೆದು ಹೊಲಿದದ್ದು. ಅನ್ನ ಬೇಯುವಷ್ಟು ಹೊತ್ತಿಗೆ ಒಂದು ಗೇಣು. ಆಗ ಏಳು ವರ್ಷದವನಾಗಿದ್ದ ಮಗ ಎದುರಿಗೆ ಕೂತು ದಾರವನ್ನು ಮೇಣದ ಗಟ್ಟಿಗೆ ಉಜ್ಜಿ ಉಜ್ಜಿ ಕೊಡುತ್ತಿದ್ದ. ಬೆರಳುಗಳ ಚರ್ಮ ಎದ್ದು ಅವಳಿಗೆ ಹಿಟ್ಟು ನಾದಲೂ ಆಗುತ್ತಿರಲಿಲ್ಲ. ಸಾಹುಕಾರರು ಸೀಟಿನ ಮೇಲೆ ಕೂತು, "ಭೇಷ್ ಮೇಸ್ತ್ರಿ" ಎಂದಿದ್ದರಂತೆ. ಗಂಡ ಅದನ್ನು ಮನೆಗೆ ಬಂದು ಖುಷಿಯಿಂದ ಹೇಳಿದ್ದ.

ಮಗ ಕೆಲಸಕ್ಕೆ ಸೇರಿದ ಎರಡನೇ ವಾರ, ಸಿಬ್ಬಂದಿಯ ಮನೆಯವರು ಭಾನುವಾರ ಬಿಟ್ಟಿಯಾಗಿ ನೋಡಬಹುದೆಂದು ಹೇಳಿಕಳಿಸಿದರು. ಮೇಸ್ತ್ರಿ ಬರುವುದಿಲ್ಲವೆಂದ. ಪುಟ್ಟಿ ಅವನ ಬೆನ್ನು ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ನೋಡಿದರೆ ಅವನು ಎಲ್ಲರಿಗಿಂತ ಮೊದಲು ಗಡ್ಡ ಕೆರೆದು, ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದ.

"ಮಾವ, ಅಲ್ಲಿ ಏನೂ ಮಾತಾಡ್ಬೇಡಿ, ದಮ್ಮಯ್ಯ," ಎಂದಳು ಸೊಸೆ.

"ನಾನ್ಯಾಕೆ ಮಾತಾಡ್ಲಿ? ನೋಡಿ ಬರ್ತೀನಿ, ಅಷ್ಟೆ."

ಐಸ್ ಫ್ಯಾಕ್ಟರಿಯ ಹಳೆಯ ಕಟ್ಟಡಕ್ಕೆ ಸುಣ್ಣ ಬಳಿದು, ನೆಲಕ್ಕೆ ಕೆಂಪು ಬಣ್ಣ ಹೊಡೆದಿದ್ದರು. ಒಳಗೆ ಪಾಲಿಶಿನ, ರಬ್ಬರಿನ ವಾಸನೆ. ಎಡಕ್ಕೆ ಹತ್ತೊಂಬತ್ತು ಮೋಟರ್‌ಸೈಕಲ್‌ಗಳು ಶಾಲೆಯ ಸಾಲಿನಲ್ಲಿ ನಿಂತ ಮಕ್ಕಳಂತೆ ಒಂದೇ ಕಡೆಗೆ ಮುಖ ಮಾಡಿದ್ದವು. ಒಂದಕ್ಕೆ ಪಕ್ಕದಲ್ಲಿ ದೋಣಿಯಂಥ ಸೀಟು, ಇನ್ನೊಂದರ ಹಿಂದೆ ಅಂಚೆಯ ತಗಡಿನ ಪೆಟ್ಟಿಗೆ. ಬಲಕ್ಕೆ ಹನ್ನೊಂದು ಕಾರು. ಎಲ್ಲದರ ಮುಂದೂ ಹಗ್ಗ, ಹಗ್ಗಕ್ಕೊಂದು ಬೋರ್ಡು.

ಮೇಸ್ತ್ರಿ ಮೊದಮೊದಲು ಖುಷಿಯಾಗಿಯೇ ಇದ್ದ. ಪುಟ್ಟಿಯ ಕೈ ಹಿಡಿದು, "ಇದು ಹತ್ತೋಕೆ ಮುಂಚೆ ಒದೀಬೇಕು, ಒದ್ರೆ ವಾಪಸ್ ಒದೀತಿತ್ತು, ಕತ್ತೆ ಇದ್ದಂಗೆ," ಎಂದು ತೋರಿಸಿದ. ಒಂದು ಮೋಟರ್‌ಸೈಕಲ್ಲಿನ ಚೈನು ಒಣಗಿರುವುದನ್ನು ಕಂಡು ನಾಲಿಗೆ ಲೊಚಗುಟ್ಟಿದ. ಹಾಗೆಯೇ ನಡೆದು ಹಸಿರು ಕಾರಿನ ಮುಂದೆ ಬಂದಾಗ ಅಲ್ಲಿ ಹತ್ತು ಹದಿನೈದು ಜನ ಗುಂಪುಗೂಡಿದ್ದರು. ನಡುವೆ ನೀಲಿ ಕೋಟಿನ ಮಗ. ಸ್ವಲ್ಪ ದೂರದಲ್ಲಿ ಸಾಹುಕಾರರ ಮಗ, ಚಿಕ್ಕ ಸಾಹುಕಾರ, ಕೈಕಟ್ಟಿ, ಯಾರಿಗೋ ತಲೆಯಾಡಿಸುತ್ತ.

ಅಪ್ಪನನ್ನು ಕಂಡು ಮಗನ ದನಿ ಒಂದು ಕ್ಷಣ ತಡವರಿಸಿತು. ಆಮೇಲೆ ಬೋರ್ಡಿನ ಕಡೆ ತಿರುಗಿ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಆರು ವರ್ಷ, ಪ್ರತಿ ಭಾನುವಾರ, ಸ್ವಂತ ಕೈಗಳಿಂದ. ವಿದೇಶದ ಕುಶಲಕರ್ಮಿಗಳಿಂದ.

"ಸುಳ್ಳು," ಎಂದ ಮೇಸ್ತ್ರಿ.

ಜನ ತಿರುಗಿ ನೋಡಿದರು.

"ಸುಳ್ಳು ಅಂದೆ. ಸಾಹುಕಾರ್ರು ಒಂದು ನಟ್ಟು ಬಿಗಿದೋರಲ್ಲ. ಇದರ ಎಂಜಿನ್ ಎಬ್ಬಿಸಿದ್ದು ನಾನು. ಬಣ್ಣ ಹೊಡೆದಿದ್ದು ನಾನು. ವಿದೇಶವಂತೆ ವಿದೇಶ! ಎಂಜಿನ್ನಿಂದ ಹಿಡಿದು ಸೀಟಿನ ಹೊಲಿಗೆ ತನಕ ಎಲ್ಲಾ ಈ ಕೈಯಿಂದ ಆಗಿದ್ದು. ಈ ಕೈಯಿಂದ!" ಅವನು ಎರಡೂ ಅಂಗೈ ಎತ್ತಿ ತೋರಿಸಿದ.

ಹೊಲಿಗೆಯಕ್ಕ ಅವನ ಪಕ್ಕದಲ್ಲೇ ನಿಂತಿದ್ದಳು. ಅವನ ಅಂಗೈಯನ್ನು ಅವಳೂ ಎಲ್ಲರ ಹಾಗೆ ನೋಡಿದಳು.

ಚಿಕ್ಕ ಸಾಹುಕಾರ ಮಗನ ಕಡೆ ಹುಬ್ಬೆತ್ತಿದ, ಅಷ್ಟೆ. ಮಗನ ಮುಖ ಕೆಂಪಾಯಿತು. ಅವನು ಜನರ ಕಡೆ ತಿರುಗಿ ನಗುವ ಹಾಗೆ ಬಾಯಿ ಮಾಡಿ, "ಕ್ಷಮಿಸಿ, ವಯಸ್ಸಾದವರು. ಸ್ವಲ್ಪ ಮರೆವು. ಬನ್ನಿ, ಮುಂದಿನ ಗಾಡಿ ನೋಡೋಣ," ಎಂದ.

"ಮರೆವಾ?" ಮೇಸ್ತ್ರಿ ಮಗನ ಕಡೆ ಒಂದು ಹೆಜ್ಜೆ ಇಟ್ಟ. ಅವನು ಹೆಂಡತಿಯ ತೋಳು ಹಿಡಿದ. "ನೀನು ಹೇಳೇ. ನೀನು ನೋಡಿದೀಯಲ್ಲ. ಹೇಳು ಇವರಿಗೆ."

ಹದಿನೈದು ಮುಖ ಅವಳ ಕಡೆ ತಿರುಗಿದವು. ಮಗ ಕಣ್ಣಿನಲ್ಲೇ ಬೇಡಿಕೊಳ್ಳುತ್ತಿದ್ದ. ಆದರೆ ಅವಳು ಜಾರಿಕೊಂಡದ್ದು ಮಗನಿಗಾಗಿ ಮಾತ್ರ ಅಲ್ಲ. ಅದು ಅವಳಿಗೆ ಆಗಲೇ ಗೊತ್ತಿತ್ತು.

"ನನಗೇನು ಗೊತ್ತು?" ಎಂದಳು. "ನಾನು ಅಡುಗೆಮನೆಯವಳು."

ಅವಳ ತೋಳಿನ ಮೇಲಿದ್ದ ಅವನ ಕೈ ಸಡಿಲವಾಯಿತು. ಯಾರೋ ಒಬ್ಬ ಯುವಕ ಫೋನಿನಲ್ಲಿ ಮುಖ ಮರೆಸಿಕೊಂಡು ನಕ್ಕ. ಬಸ್‌ಸ್ಟಾಪಿನ ತನಕ ಮೇಸ್ತ್ರಿ ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಪುಟ್ಟಿ, "ತಾತಂಗೆ ಮರೆವು ಇದೆಯಾ ಅಮ್ಮ?" ಎಂದು ಕೇಳಿ ತಲೆಗೆ ಮೊಟಕಿಸಿಕೊಂಡಳು.

ಆಮೇಲೆ ಮೂರು ವಾರ ಮೇಸ್ತ್ರಿ ಹೆಂಡತಿಯ ಜೊತೆ ಮಾತು ಬಿಟ್ಟ. ಉಪ್ಪು ಬೇಕಾದರೆ ಪುಟ್ಟಿಯ ಹತ್ತಿರ ಹೇಳಿಸುತ್ತಿದ್ದ. ಮಗ ಬರುವ ಹೊತ್ತಿಗೆ ಅವನ ಊಟ ಮುಗಿದಿರುತ್ತಿತ್ತು. ಸೊಸೆ ಲ್ಯಾಬಿನಿಂದ ಬಂದು ಬಟ್ಟೆ ಮಡಚುತ್ತ, "ಈ ಮನೇಲಿ ಉಸಿರಾಡೋಕೂ ಅಪ್ಪಣೆ ಕೇಳ್ಬೇಕು," ಎನ್ನುತ್ತಿದ್ದಳು. ಹೊಲಿಗೆಯಕ್ಕ ಒಂದು ದಿನ ತಡೆಯಲಾರದೆ ಗಂಡನ ಎದುರಿಗೆ ಚಹಾ ಇಟ್ಟು ಕೇಳಿಯೇಬಿಟ್ಟಳು:

"ಸೀಟು ಹೊಲಿದಿದ್ದು ಯಾರು ರೀ?"

ಮೇಸ್ತ್ರಿ ಚಹಾದ ಲೋಟ ಪಕ್ಕಕ್ಕೆ ಸರಿಸಿದ. "ಅಳತೆ ಹಾಕಿ ಕತ್ತರಿಸಿಕೊಟ್ಟಿದ್ದು ನಾನು," ಎಂದ. "ನೀನು ದಾರ ಎಳೆದೆ."

ಅಷ್ಟು ಹೇಳಿ ಚಹಾ ಕುಡಿಯದೆ ಹೊರಗೆ ಹೋದ.

ಕೆಲಸಕ್ಕೆ ಸೇರಿದ ಐದನೇ ವಾರ ಒಂದು ಸಂಜೆ ಮಗ ಅಡುಗೆಮನೆಗೆ ಬಂದು ಆಲೂಗಡ್ಡೆ ಸುಲಿಯುತ್ತಿದ್ದ ಅಮ್ಮನ ಪಕ್ಕ ಕೂತ. ಏನೋ ಬೇಕಾದಾಗ ಮಾತ್ರ ಅವನು ಹಾಗೆ ಕೂರುವುದು.

"ಅಮ್ಮ, ಹಸಿರು ಕಾರಿನಲ್ಲಿ ಮಕ್ಕಳನ್ನ ಕೂರಿಸಿ ಫೋಟೋ ತೆಗಿಯೋದು ಶುರು ಮಾಡಿದ್ರು. ಮೂಲೇಲಿ ಒಂದು ಗೇಣು ಹೊಲಿಗೆ ಬಿಟ್ಟಿದೆ. ಸೀಟಿನಂಗಡಿಯವನು ಈ ಹೊಲಿಗೆ ನಮಗೆ ಬರಲ್ಲ ಅಂದ. ಸೋಮವಾರ ರಜ. ನೀನು ಬಂದು ಹಾಕಿಕೊಡ್ತೀಯಾ?"

"ವಿದೇಶದವರನ್ನ ಕರೆಸ್ಬೇಕಿತ್ತು."

"ಅಮ್ಮ, ನೀನೂ ಶುರು ಮಾಡ್ಬೇಡ."

ಹಜಾರದಿಂದ ಮೇಸ್ತ್ರಿಯ ದನಿ ಬಂತು. ಮೂರು ವಾರದಲ್ಲಿ ಅವಳಿಗೆ ಅವನು ತಾನಾಗಿ ಆಡಿದ ಮೊದಲ ಮಾತು. "ಹೋಗಕೂಡದು."

"ಹೋಗ್ತೀನಿ," ಎಂದಳು ಅವಳು. "ನನ್ನ ಕೈಕೆಲಸ ಮುಟ್ಟಿ ನೋಡಿ ಇಪ್ಪತ್ತೆಂಟು ವರ್ಷ ಆಯ್ತು."

ಸೋಮವಾರ ಅವಳು ದಬ್ಬಳ, ಮೇಣ, ಸಣ್ಣ ಕತ್ತರಿ ಚೀಲಕ್ಕೆ ಹಾಕಿಕೊಂಡು ಮಗನ ಜೊತೆ ಹೋದಳು. ಮಗ ಹಗ್ಗ ಬಿಚ್ಚಿದ. ಅವಳು ಸೀಟಿಗೆ ಅಂಗೈ ಊರಿ ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದಳು. ಚರ್ಮ ಹಳೆಯದಾಗಿ ಕಂದು ತಿರುಗಿತ್ತು. ಹೊಲಿಗೆ ಮಾತ್ರ ಸಾಲು ತಪ್ಪದೆ, ಒಂದು ಕಡೆ ಬಿಗಿ ಒಂದು ಕಡೆ ಸಡಿಲ ಎಂದಿಲ್ಲದೆ, ಹಾಗೆಯೇ ಕೂತಿತ್ತು. ಅದನ್ನು ಹಾಕುವಾಗ ತನಗೆ ಮೂವತ್ತು ತುಂಬಿರಲಿಲ್ಲ ಎಂಬುದು ನೆನಪಾಯಿತು.

ಕಾಲುಗಂಟೆಯಲ್ಲಿ ಚಿಕ್ಕ ಸಾಹುಕಾರ ಬಂದ. ಒಳ್ಳೆಯ ಮಾತಿನ ಮನುಷ್ಯ. ತಾನೇ ಸ್ಟೂಲು ಎಳೆದುಕೊಟ್ಟ, ಚಹಾ ತರಿಸಿದ, "ತುಂಬಾ ಉಪಕಾರ ಆಯ್ತಮ್ಮ," ಎಂದ.

"ಸ್ವಾಮಿ, ಒಂದು ಕೇಳ್ಲಾ?" ಹೊಲಿಗೆಯಕ್ಕ ದಾರಕ್ಕೆ ಮೇಣ ಹಚ್ಚುತ್ತ ಕೇಳಿದಳು. "ಬೋರ್ಡಿನಲ್ಲಿ ಸೀಟಿನ ಸಾಲು ಒಂದಿದೆಯಲ್ಲ. ಅದನ್ನ ಬದಲಾಯಿಸೋಕಾಗತ್ತಾ? ಇದು ನಾನು ಹೊಲಿದಿದ್ದು. ಎಂಜಿನ್ನು ನಮ್ಮ ಯಜಮಾನ್ರು ಮಾಡಿದ್ದು."

ಚಿಕ್ಕ ಸಾಹುಕಾರ ನಕ್ಕ. ಕೆಟ್ಟದಾಗೇನೂ ನಗಲಿಲ್ಲ. "ಅಮ್ಮಾ, ಇಂಥ ಕೆಲಸಕ್ಕೆ ಎಷ್ಟು ಕೈ ಸೇರಿರತ್ತೆ! ಎಲ್ಲರ ಹೆಸರೂ ಬರೆಯೋಕೆ ಹೋದ್ರೆ ಬೋರ್ಡ್ ಇಡೋಕೆ ಜಾಗ ಸಾಲದೆ ಕಾರನ್ನ ಹೊರಗೆ ನಿಲ್ಲಿಸ್ಬೇಕಾಗತ್ತೆ."

ಮಗನೂ ನಕ್ಕ. ಮಾಲೀಕನಿಗಿಂತ ಒಂದು ಪಾಲು ಜಾಸ್ತಿಯೇ ನಕ್ಕ.

ಚಿಕ್ಕ ಸಾಹುಕಾರ ಹೊರಟುಹೋದ ಮೇಲೆ ಅವಳು ಮಗನನ್ನು ಕೇಳಿದಳು. "ನಿನಗೆ ನೆನಪಿಲ್ವೇನೋ? ಮೇಣ ಉಜ್ಜಿ ಕೊಡ್ತಿದ್ದೋನು ನೀನೇ ಅಲ್ವಾ?"

ಮಗ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನೆನಪಿದೆ ಅಮ್ಮ. ಎಲ್ಲಾ ನೆನಪಿದೆ. ಬೋರ್ಡಿನಲ್ಲಿ ಇರೋದನ್ನ ಹೇಳೋದು ನನ್ನ ಕೆಲಸ, ಏನ್ಮಾಡ್ಲಿ? ಬೇಗ ಮುಗಿಸು, ಆಫೀಸಲ್ಲಿರ್ತೀನಿ."

ಅವನು ಹೋದ. ಅವಳು ಮೇಣ ಹಚ್ಚಿದ ದಾರವನ್ನು ಚೀಲಕ್ಕೆ ಹಾಕಿ ಸಣ್ಣ ಕತ್ತರಿ ಕೈಗೆತ್ತಿಕೊಂಡಳು. ಬಿಟ್ಟುಹೋದ ಗೇಣಿನ ತುದಿಯಿಂದ ಶುರು ಮಾಡಿದಳು. ಒಂದು ಹೊಲಿಗೆ ಕತ್ತರಿಸಿ, ಉಗುರಿನಿಂದ ಎಳೆದು, ಮುಂದಿನದು. ಚರ್ಮಕ್ಕೆ ಗೀರು ಬೀಳದ ಹಾಗೆ. ಹಾಕಲು ನಾಲ್ಕು ತಿಂಗಳು ಹಿಡಿದದ್ದನ್ನು ಬಿಚ್ಚಲು ಮೂರು ಗಂಟೆ ಸಾಕಾಯಿತು. ಮಗ ಊಟಕ್ಕೆ ಕರೆಯಲು ಬಂದಾಗ ಚರ್ಮದ ತುಂಡುಗಳು ನೆಲದ ಮೇಲೆ ಮಡಚಿಟ್ಟ ಬಟ್ಟೆಯ ಹಾಗೆ ಒಂದರ ಮೇಲೊಂದು ಕೂತಿದ್ದವು. ಸೀಟಿನ ಸ್ಪ್ರಿಂಗುಗಳು ಬೆತ್ತಲೆಯಾಗಿದ್ದವು.

"ಅಮ್ಮಾ! ಏನು ಮಾಡ್ದೆ?"

"ಚರ್ಮ ಸಾಹುಕಾರ್ರದ್ದು. ಅಲ್ಲೇ ಇದೆ, ಎಣಿಸ್ಕೋ. ಹೊಲಿಗೆ ನನ್ನದು," ಎಂದು ದಾರದ ಉಂಡೆಯನ್ನು ತೋರಿಸಿದಳು. "ತಗೊಂಡು ಹೋಗ್ತಿದೀನಿ."

ಬರುವ ದಾರಿಯಲ್ಲಿ ಅದನ್ನು ರಸ್ತೆಬದಿಯ ಕಸದ ತೊಟ್ಟಿಗೆ ಹಾಕಿದಳು. ಇಟ್ಟುಕೊಂಡು ಮಾಡುವುದೇನಿತ್ತು?

ಸಂಜೆ ಮನೆ ರಣರಂಗವಾಯಿತು. "ಹೆತ್ತ ತಾಯಿಯಾಗಿ ನನ್ನ ಅನ್ನಕ್ಕೆ ಕಲ್ಲು ಹಾಕಿದೆಯಲ್ಲ," ಎಂದು ಮಗ ಕೂಗಾಡಿದ. "ಅತ್ತೆ, ನೀವು ನಿಮ್ಮ ಮಾನ ನೋಡ್ಕೊಂಡ್ರಿ. ನಾಳೆ ಇವರನ್ನ ಮನೆಗೆ ಕಳಿಸಿದ್ರೆ ಮತ್ತೆ ದುಡಿಯೋಳು ನಾನೊಬ್ಬಳೇ, ಅದು ನೆನಪಾಗಲಿಲ್ವಾ?" ಎಂದಳು ಸೊಸೆ. ಹೊಲಿಗೆಯಕ್ಕ ಗಂಡನ ಕಡೆ ನೋಡಿದಳು. ಇಷ್ಟು ವಾರ ಬೋರ್ಡಿನ ಸುಳ್ಳಿಗೆ ಹಲ್ಲು ಕಡಿದ ಮನುಷ್ಯ, ಅವನಾದರೂ ತಲೆಯಾಡಿಸಿಯಾನು ಎಂದುಕೊಂಡಿದ್ದಳು.

ಮೇಸ್ತ್ರಿ ಎದ್ದು ನಿಂತಿದ್ದ. "ನನ್ನ ಕಾರು," ಎಂದ. "ನನ್ನ ಕಾರನ್ನ ಬಿಚ್ಚಿ ಹಾಕಿ ಬಂದೆಯಾ? ಅವರು ಸುಳ್ಳು ಬರ್ಕೊಂಡ್ರೆ ಬರ್ಕೊಳ್ಳಿ, ಕಾರಾದ್ರೂ ನೆಟ್ಟಗಿತ್ತು. ಅದಕ್ಕೂ ಕೈ ಹಾಕಿದೆಯಲ್ಲೇ ಪಾಪಿ!"

ಅವಳು ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ಅಷ್ಟು ಜನಕ್ಕೆ ಅನ್ನ ಆಗಬೇಕಿತ್ತು.

ಮಗನ ಕೆಲಸ ಹೋಗಲಿಲ್ಲ. ಆದ ರಂಪ ಹೊರಗೆ ಗೊತ್ತಾಗುವುದು ಚಿಕ್ಕ ಸಾಹುಕಾರನಿಗೂ ಬೇಡವಾಗಿತ್ತು. ಸೀಟಿನಂಗಡಿಯವನು ಬಂದು ಎರಡೇ ದಿನದಲ್ಲಿ ಕಂದು ರೆಕ್ಸಿನ್ ಹೊದಿಸಿ ಹೋದ. ಬೋರ್ಡು ಹಾಗೆಯೇ ಇತ್ತು. ಬಂದವರಿಗೆ ಯಾರಿಗೂ ಏನೂ ಅನಿಸಲಿಲ್ಲವಂತೆ. ತಿಂಗಳ ಕೊನೆಗೆ ಮಗ ಮ್ಯೂಸಿಯಂ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆ ಹಿಡಿದ. ಸೊಸೆ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತ, "ದೂರ ಇದ್ರೆ ಚೆನ್ನಾಗಿರ್ತೀವಿ ಅತ್ತೆ," ಎಂದಳು. ಕೋಪದಿಂದ ಹೇಳಿದ್ದಲ್ಲ, ಅದೇ ಹೆಚ್ಚು ನೋಯಿಸಿತು. ಪುಟ್ಟಿ ಅಜ್ಜಿಯ ಗುಂಡಿಗಳ ಡಬ್ಬಿ ಕೇಳಿದಳು. ಹೊಲಿಗೆಯಕ್ಕ ಕೊಟ್ಟು ಕಳಿಸಿದಳು.

ಅವರು ಹೋಗಿ ಎರಡು ವಾರವಾದ ಮೇಲೆ ಒಂದು ಬೆಳಿಗ್ಗೆ ಮೇಸ್ತ್ರಿ ಹೇಳದೆ ಕೇಳದೆ ಹೊರಗೆ ಹೋದವನು ಮಧ್ಯಾಹ್ನ ಬಂದ. ಚಪ್ಪಲಿ ಬಿಟ್ಟು ಹೊಲಿಗೆ ಮಿಷನ್ನಿನ ಎದುರು ಕುರ್ಚಿ ಎಳೆದು ಕೂತ.

"ರೆಕ್ಸಿನ್ನು," ಎಂದ. "ಬಾಗಿಲ ಹತ್ರ ಮಡಿಕೆ ಬಿದ್ದಿದೆ. ಎರಡು ವರ್ಷ ಬರಲ್ಲ. ನಿನ್ನ ಹೊಲಿಗೆ ಇಪ್ಪತ್ತೆಂಟು ವರ್ಷ ನಿಂತಿತ್ತು."

ಅವಳು ಮಿಷನ್ ನಿಲ್ಲಿಸಿದಳು. "ಯಾರ ಹೊಲಿಗೆ?"

"ನಿಂದೇ."

"ಅದನ್ನ ಅವತ್ತು ಅಷ್ಟು ಜನರ ಮುಂದೆ ಹೇಳ್ಬೇಕಿತ್ತು."

"ನೀನೂ ಅವತ್ತು ಬಾಯಿ ಬಿಡಬಹುದಿತ್ತು."

"ಬಿಡಬಹುದಿತ್ತು," ಎಂದಳು.

ಮಿಷನ್ನಿನಲ್ಲಿದ್ದ ಬಟ್ಟೆಯನ್ನು ಈಚೆಗೆ ಎಳೆದು ದಾರ ಕತ್ತರಿಸಿದಳು. ಆಮೇಲೆ ಅವಳೇ ಕೇಳಿದಳು. "ಅವನು ಸಿಕ್ಕಿದ್ನಾ?"

"ಬಾಗಿಲಲ್ಲೇ ನಿಂತಿದ್ದ. ಟಿಕೆಟ್ ತೋರಿಸಿ ಸಾರ್, ಅಂದ."

"ಸಾರ್ ಅಂದ್ನಾ?"

"ಹೂಂ. ಪಕ್ಕದಲ್ಲಿ ಚಿಕ್ಕ ಸಾಹುಕಾರ ಇದ್ದ. ಇನ್ನೂ ನಾಲ್ಕು ಜನ ಬಂದಿದ್ರು, ಅವರ ಜೊತೆ ನನ್ನನ್ನೂ ಸೇರಿಸ್ಕೊಂಡು ಒಂದೊಂದೇ ಗಾಡಿ ತೋರಿಸಿದ. ಹಸಿರು ಕಾರಿನ ಹತ್ರಾನೂ ನಿಲ್ಲಿಸಿ ಪೂರ್ತಿ ಹೇಳ್ದ. ಕೇಳ್ತಾ ನಿಂತಿದ್ದೆ."

ಹೊಲಿಗೆಯಕ್ಕ ಸೂಜಿಗೆ ದಾರ ಪೋಣಿಸಲು ನೋಡಿದಳು. ಎರಡು ಸಲ ತಪ್ಪಿತು.

"ಹೇಗೆ ಹೇಳ್ತಾನೆ?"

"ಚೆನ್ನಾಗಿ ಹೇಳ್ತಾನೆ ಕಣೇ," ಎಂದ ಮೇಸ್ತ್ರಿ. "ನನಗೇ ನಿಜ ಅನ್ನಿಸಿಬಿಡ್ತು."